ಸರಾಸರಿಗೆ ಸಿಗದ ಮಳೆ

2005ರ ಜುಲೈ 26ರಂದು ಶುರುವಾದ ಆ ಮಳೆ ಮುಂಬಯಿಯವರಿಗೆ ಮರೆಯುವಂಥದಲ್ಲ. ಇಪ್ಪತ್ನಾಲ್ಕು ಗಂಟೆಗಳಲ್ಲಿ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ಊರಿನ ಕೊಲಾಬಾದಲ್ಲಿ ಬಿದ್ದದ್ದು ಬರೇ 73. ಎರಡರ ಸರಾಸರಿ ತೆಗೆದರೆ ಸುಮಾರು 508 ಮಿಲಿಮೀಟರ್. ಆದರೆ ಈ 508 ಮಿಲಿಮೀಟರ್ ಮಳೆ ಎರಡು ಕಡೆಯೂ ಬೀಳಲಿಲ್ಲ, ನೋಡಿ! ಸರಾಸರಿಯನ್ನು ನಂಬಿ ಕೂತರೆ ಆಗುವ ಫಜೀತಿ ಇದೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ದೇಶದಲ್ಲಿ ಬೀಳುವ ಸರಾಸರಿ ಮಳೆ ಸುಮಾರು 87 ಸೆಂಟಿಮೀಟರ್. ಮೊತ್ತ ಇಷ್ಟಾಯಿತೆಂದ ಮಾತ್ರಕ್ಕೆ ಬೆಳೆ ಕೈಗೆ ಬಂತೆಂದಲ್ಲ. ನಮ್ಮ ರೈತರು ಕೇಳುವುದು ಮೊತ್ತವನ್ನಲ್ಲ, "ಆರಿದ್ರಾ ಆಯಿತೇ? ಮಘೆ ಕೈಕೊಟ್ಟಿತೇ?" ಎಂದು. ಒಂದೊಂದು ಮಳೆನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಎಷ್ಟು ಬಂತು ಎಂಬುದಕ್ಕಿಂತ ಯಾವಾಗ ಬಂತು ಎಂಬುದು ಅವರಿಗೆ ಮುಖ್ಯ. ವಿಜ್ಞಾನಿಗಳೂ ಈಗ ಇದರ ಬೆನ್ನು ಹತ್ತಿದ್ದಾರೆ. ಮಾನ್ಸೂನ್ ಒಂದೇ ಸಮನೆ ಸುರಿಯುವುದಿಲ್ಲ. ಕೆಲವು ದಿನ ಜೋರು, ಮತ್ತೆ ಕೆಲವು ದಿನ ಬಿಡುವು.

ಬಿ. ಎನ್. ಗೋಸ್ವಾಮಿ ಮತ್ತು ಸಂಗಡಿಗರು 1951ರಿಂದ 2000ದವರೆಗೆ ಮಧ್ಯಭಾರತದಲ್ಲಿ ಬಿದ್ದ ದಿನದಿನದ ಮಳೆಯ ಲೆಕ್ಕವನ್ನು 2006ರಲ್ಲಿ ಪ್ರಕಟಿಸಿದರು. ಒಟ್ಟು ಮಳೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆದರೆ ಅತಿವೃಷ್ಟಿಯ ಪ್ರಸಂಗಗಳು ಹೆಚ್ಚಿದ್ದವು, ಸಾಧಾರಣ ಮಳೆ ಕಡಿಮೆಯಾಗಿತ್ತು. ಒಂದು ಏರಿ ಇನ್ನೊಂದು ಇಳಿದದ್ದರಿಂದ ಮೊತ್ತ ಹಾಗೇ ಉಳಿದಿತ್ತು. ಹದವಾಗಿ ಬಿದ್ದ ಮಳೆ ನೆಲಕ್ಕೆ ಇಂಗುತ್ತದೆ. ಒಮ್ಮೆಲೇ ಸುರಿದದ್ದು ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹಳ್ಳ ಸೇರುತ್ತದೆ.

ಹಾಗಾದರೆ ಎಲ್ಲಿ, ಎಂದು ಸುರಿಯುತ್ತದೆ ಎಂದು ಮೊದಲೇ ಹೇಳಬಾರದೇ? ಕಷ್ಟ ಇರುವುದು ಮೋಡದಲ್ಲಿ. ಕಂಪ್ಯೂಟರು ಆಕಾಶವನ್ನು ಚೌಕಚೌಕವಾಗಿ ಹೆಚ್ಚಿಕೊಂಡು, ಒಂದೊಂದು ಚೌಕಕ್ಕೆ ಒಂದೇ ಉಷ್ಣತೆ, ಒಂದೇ ತೇವಾಂಶ ಎಂದು ಲೆಕ್ಕ ಹಾಕುತ್ತದೆ. ಅಂದರೆ ಅಲ್ಲಿಯೂ ಸರಾಸರಿಯೇ! ಒಂದೆರಡು ಕಿಲೋಮೀಟರ್ ಅಗಲದ ಮೋಡ ಈ ದೊಡ್ಡ ಕಣ್ಣಿನ ಜರಡಿಯಲ್ಲಿ ಸೋರಿಹೋಗುತ್ತದೆ. ಅದರ ಪರಿಣಾಮವನ್ನು ಸೂತ್ರಗಳಿಂದ ಅಂದಾಜು ಮಾಡಬೇಕು.

ಮೋಡದ ಒಳಗಿನ ಸಂಸಾರವೂ ಸುಲಭದ್ದಲ್ಲ. ಮೋಡದ ಹನಿ ತೀರಾ ಸಣ್ಣದು. ಅಂಥ ಸುಮಾರು ಹತ್ತು ಲಕ್ಷ ಹನಿಗಳು ಕೂಡಿದರೆ ಒಂದು ಮಳೆಹನಿ. ಗಾಳಿಯಲ್ಲಿ ಹೊಗೆ, ಧೂಳು ಹೆಚ್ಚಾದರೆ ಇದ್ದ ನೀರನ್ನೇ ಹೆಚ್ಚು ಕಣಗಳು ಹಂಚಿಕೊಳ್ಳುತ್ತವೆ. ಹನಿಗಳು ಇನ್ನೂ ಸಣ್ಣವಾಗಿ, ಒಂದಕ್ಕೊಂದು ಕೂಡಿ ಮಳೆಯಾಗುವುದು ತಡವಾಗುತ್ತದೆ.

ಇದನ್ನು ಅಳೆಯಲೆಂದೇ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ 2009ರಿಂದ 'ಕೈಪೀಕ್ಸ್' ಪ್ರಯೋಗದಲ್ಲಿ ಮೋಡಗಳೊಳಗೇ ವಿಮಾನ ಹಾರಿಸಿತು. ಅದೇ ಸಂಸ್ಥೆ ರೂಪಿಸಿದ 'ಭಾರತ್ ಫೋರ್‌ಕಾಸ್ಟ್ ಸಿಸ್ಟಮ್' 2025ರ ಮೇ ತಿಂಗಳಲ್ಲಿ ಬಳಕೆಗೆ ಬಂತು. ಮೊದಲು 12 ಕಿಲೋಮೀಟರ್ ಇದ್ದ ಚೌಕ ಇದರಲ್ಲಿ 6ಕ್ಕೆ ಇಳಿದಿದೆ. ಜರಡಿಯ ಕಣ್ಣು ಸಣ್ಣದಾಯಿತು, ನಿಜ. ಆದರೂ ಒಂಟಿ ಮೋಡ ಅದರಲ್ಲಿ ನಿಲ್ಲುವಷ್ಟು ಅಲ್ಲ.

ಆದ್ದರಿಂದ ಗೆಳೆಯರೇ, "ಈ ಸಲ ವಾಡಿಕೆಯ ಮಳೆ" ಎಂಬ ಸುದ್ದಿ ಓದಿದಾಗ ಅಷ್ಟಕ್ಕೇ ಪತ್ರಿಕೆ ಮಡಚಬೇಡಿ. ಎಲ್ಲಿ ಬಿತ್ತು, ಎಷ್ಟು ದಿನ ಬಿತ್ತು, ನಡುವೆ ಎಷ್ಟು ದಿನ ಒಣಗಿಸಿತು ಎಂದೂ ಕೇಳಿ. ಬಿತ್ತಿದವನ ಹಣೆಬರಹ ಇರುವುದು ಆ ಲೆಕ್ಕದಲ್ಲಿ.