ಚೀಟಿ ಬಿಚ್ಚಿದ ಹುಡುಗಿ

ಧಾರವಾಡದ ಜುಲೈ ಮಳೆ. ಮಾಳಮಡ್ಡಿಯ ಶಾಲೆಯೊಂದರ ಬಾಗಿಲಲ್ಲಿ ಒದ್ದೆ ಕೊಡೆಗಳು ಒಂದಕ್ಕೊಂದು ಒರಗಿ ನಿಂತಿವೆ. ಒಳಗೆ ಮೈಕು ಒಮ್ಮೆ ಕುಂಯ್ ಎಂದು ಸುಮ್ಮನಾಗುತ್ತದೆ. ಇವತ್ತು ಭಾಷಣ ಸ್ಪರ್ಧೆ.

ಸ್ವಾಗತಕ್ಕೆ ನಿಂತ ಹುಡುಗ ಅತಿಥಿಗಳ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಮುಗಿಸಿ ಇಳಿಯುತ್ತಾನೆ. ಬಂದವರು ಯಾರು, ಅವರು ಬಂದದ್ದು ನಮಗೇಕೆ ಸಂತೋಷ ಎಂಬ ಎರಡು ಮಾತು ಸೇರಿದ್ದರೆ ಅದೂ ಒಂದು ಭಾಷಣವಾಗುತ್ತಿತ್ತು. ಸ್ವಾಗತ, ವಂದನಾರ್ಪಣೆಗಳನ್ನು ಭಾಷಣವೆಂದು ಯಾರೂ ಕಲಿಸುವುದಿಲ್ಲ.

ಆಮೇಲೆ ಪರಿಸರದ ಮೇಲೆ ಸಿದ್ಧ ಭಾಷಣಗಳು. ಮೂವರದೂ ಒಂದೇ ಆರಂಭ, ಒಂದೇ ಜಾಗದಲ್ಲಿ ಮೇಲೇಳುವ ಬಲಗೈ. ಒಬ್ಬಳು ನಡುವೆ ಮರೆತು ಸೂರು ನೋಡುತ್ತಾಳೆ. ಮುಂದಿನ ಸಾಲಿನಲ್ಲಿ ಟೀಚರ ತುಟಿ ಅಲುಗುತ್ತಿದೆ. ಚರ್ಚೆಯಲ್ಲೂ ಇದೇ ಕಥೆ. ಪರ ಮಾತಾಡಿದವನಿಗೆ ವಿರೋಧದವನ ಮಾತು ಕೇಳಿಸಿಯೇ ಇಲ್ಲ. ಚರ್ಚೆಗೆ ನಾಲಗೆಗಿಂತ ಮೊದಲು ಕಿವಿ ಬೇಕು.

ಕೊನೆಗೆ ಆಶುಭಾಷಣ. ಎಂಟನೆಯ ತರಗತಿಯ ಹುಡುಗಿ ಡಬ್ಬಿಗೆ ಕೈ ಹಾಕಿ ಚೀಟಿ ಬಿಚ್ಚುತ್ತಾಳೆ: ‘ಮಳೆ’. ಒಂದು ಗಳಿಗೆ ಕಿಟಕಿಯ ಕಡೆ ನೋಡಿದಳು.

‘ಮಳಿ ಹತ್ತಿದ ಕೂಡ್ಲೆ ನಮ್ಮವ್ವ ಮೊದಲ ಕಟಗಿ ಒಳಗ ತರ್ತಾಳ್ರಿ, ಆಮ್ಯಾಲೆ ನಮ್ಮನ್ನ ಕರೀತಾಳ...’

ಹಿಂದಿನ ಬೆಂಚಿನ ಗುಸುಗುಸು ನಿಂತಿತು. ಸೋರುವ ಮೂಲೆ, ಅದರ ಕೆಳಗಿಟ್ಟ ಹಿತ್ತಾಳೆ ಕೊಡ, ರಾತ್ರಿಯಿಡೀ ಅದರ ಟಪ್ ಟಪ್, ಹೊಲದ ಚಿಂತೆಯಲ್ಲಿ ಮಲಗದ ಅಪ್ಪ. ಮೂರು ನಿಮಿಷದಲ್ಲಿ ಒಂದು ಮನೆ ಕಣ್ಣಿಗೆ ಕಟ್ಟಿತು. ಇಳಿದು ಬಂದವಳು ತೀರ್ಪುಗಾರರ ಮುಂದೆ ತಲೆ ತಗ್ಗಿಸಿದಳು.

‘ತಪ್ಪಾತ್ರೀ ಸರ, ಮನಿ ಮಾತು ಬಂದುಬಿಡ್ತು.’

‘ಅದನ್ನ ಕೇಳಲಿಕ್ಕೇ ಬಂದಿದ್ದೆ ನೋಡವ್ವಾ.’

ಇದೇ ಊರಿನ ಸಾಧನಕೇರಿಯ ಬೇಂದ್ರೆಯವರು ಈ ಮನೆಮಾತನ್ನೇ ಕಾವ್ಯಕ್ಕೆ ಏರಿಸಿದರು. ಅವರ ‘ನಾಕುತಂತಿ’ಗೆ 1973ರ ಜ್ಞಾನಪೀಠ ಬಂತು. ಮುಂಬಯಿ ಪ್ರಾಂತದ ಆಳ್ವಿಕೆಯಲ್ಲಿ ಮರಾಠಿಯ ಮುಂದೆ ಕನ್ನಡ ಕುಗ್ಗಿದ್ದ ಕಾಲದಲ್ಲಿ, 1890ರ ಜುಲೈ 20ರಂದು, ರಾ. ಹ. ದೇಶಪಾಂಡೆ ಮತ್ತು ಸಂಗಡಿಗರು ಇಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಸಭೆಯಲ್ಲಿ ಕನ್ನಡದಲ್ಲಿ ಎದ್ದು ಮಾತಾಡುವುದೇ ಆಗ ಒಂದು ನಿಲುವು. ಅಂಥ ಊರಿನ ಮಗು ತನ್ನ ಮಾತಿಗೆ ತಪ್ಪೊಪ್ಪಿಕೊಂಡದ್ದು ನನಗೆ ನೋವು ತಂದಿತು.

ಗುರುಗಳೇ, ಮುಂದಿನ ಸಲ ಭಾಷಣ ಬರೆದುಕೊಡಬೇಡಿ. ಸಂಘದಲ್ಲಿ ದತ್ತಿ ಉಪನ್ಯಾಸವಿರುವ ಒಂದು ಸಂಜೆ ಮಕ್ಕಳನ್ನು ಕರೆದೊಯ್ದು ಹಿಂದಿನ ಸಾಲಿನಲ್ಲಿ ಕೂಡಿಸಿ. ಸ್ವಾಗತದಿಂದ ವಂದನಾರ್ಪಣೆಯವರೆಗೆ ಪೂರ್ತಿ ಕೇಳಲಿ. ಮರುದಿನ ತರಗತಿಯಲ್ಲಿ ಚೀಟಿಯ ಡಬ್ಬಿ ಇಡಿ.