ಮೊಸಳೆಯ ಕಣ್ಣೀರು

ಮನದಲ್ಲಿ ಕನಿಕರವಿಲ್ಲದೆ ಹೊರಗೆ ಮಾತ್ರ ಅಳುವವನನ್ನು ಕಂಡರೆ ಜನರು ‘ಅವನದು ಮೊಸಳೆ ಕಣ್ಣೀರು’ ಎನ್ನುತ್ತಾರೆ. ಕನ್ನಡಿಗರಿಗೆ ಚಿರಪರಿಚಿತವಾದ ಈ ನುಡಿಗಟ್ಟು ಇಂಗ್ಲಿಷಿನಲ್ಲಿಯೂ ಬಹು ಪ್ರಸಿದ್ಧವಾದುದು. ಅಲ್ಲಿ ಇದರ ಬೇರು ಹಳೆಯ ಜನಪದ ನಂಬಿಕೆಯೊಂದರಲ್ಲಿದೆ.

ಮೊಸಳೆಯು ಮನುಷ್ಯನನ್ನು ಕೊಂದು, ಅವನಿಗಾಗಿ ಅಳುತ್ತಲೇ ಅವನನ್ನು ತಿನ್ನುತ್ತದೆ ಎಂಬುದೇ ಆ ನಂಬಿಕೆ. ದಾರಿಹೋಕರ ಮನಸ್ಸನ್ನು ಕರಗಿಸಿ ಹತ್ತಿರಕ್ಕೆ ಸೆಳೆಯುವುದಕ್ಕಾಗಿ ಅದು ಬಿಕ್ಕಿ ಬಿಕ್ಕಿ ಅಳುತ್ತದೆಂದು ಹೇಳುವವರೂ ಇದ್ದರು. ಮಧ್ಯಯುಗದ ಯೂರೋಪಿನಲ್ಲಿ ಮೊಸಳೆಯನ್ನು ಕಣ್ಣಾರೆ ಕಂಡವರು ವಿರಳ. ಆದುದರಿಂದ ಕೇಳಿದ ಕಥೆಯೇ ಪ್ರಮಾಣವಾಯಿತು. 14ನೆಯ ಶತಮಾನದಲ್ಲಿ ಸರ್ ಜಾನ್ ಮ್ಯಾಂಡೆವಿಲ್ ಎಂಬ ಹೆಸರಿನಲ್ಲಿ ಹೊರಬಂದ ಪ್ರವಾಸಗ್ರಂಥವು, ಅಳುತ್ತ ನರರನ್ನು ತಿನ್ನುವ ಇಂಥ ಮೊಸಳೆಗಳು ಭಾರತದಲ್ಲೆಲ್ಲ ಹೇರಳವಾಗಿವೆಯೆಂದು ಬಣ್ಣಿಸಿತು. ಆ ಗ್ರಂಥವು ಹಲವು ಭಾಷೆಗಳಿಗೆ ಅನುವಾದಗೊಂಡು ಜನಪ್ರಿಯವಾಯಿತು. 16ನೆಯ ಶತಮಾನದ ವೇಳೆಗೆ ‘ಮೊಸಳೆ ಕಣ್ಣೀರು’ ಎಂಬ ಮಾತು ಇಂಗ್ಲಿಷಿನಲ್ಲಿ ಬಳಕೆಗೆ ಬಂದಿತ್ತು.

ಹಾಗಾದರೆ ಮೊಸಳೆ ನಿಜವಾಗಿಯೂ ಅಳುತ್ತದೆಯೆ? ಅದರ ಕಣ್ಣುಗಳಲ್ಲಿ ಕಣ್ಣೀರಿನ ಗ್ರಂಥಿಗಳಿವೆ. ನೀರಿನಿಂದ ಹೊರಗಿರುವಾಗ ಕಣ್ಣು ಒಣಗದಂತೆ ಅವು ಕಾಪಾಡುತ್ತವೆ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಅಮೆರಿಕದ ಫ್ಲಾರಿಡಾದಲ್ಲಿ ವಿಜ್ಞಾನಿಗಳು ಮೊಸಳೆಯ ಬಳಗಕ್ಕೆ ಸೇರಿದ 7 ಪ್ರಾಣಿಗಳಿಗೆ ಒಣನೆಲದ ಮೇಲೆ ಆಹಾರವಿಟ್ಟು ಪರೀಕ್ಷಿಸಿದರು. ಅವುಗಳಲ್ಲಿ 5 ಪ್ರಾಣಿಗಳ ಕಣ್ಣುಗಳು ತಿನ್ನುವಾಗ ಒದ್ದೆಯಾದವು. ಕೆಲವುಗಳ ಕಣ್ಣಲ್ಲಿ ನೊರೆಯೂ ಬಂದಿತು. ತಿನ್ನುವಾಗ ರಭಸದಿಂದ ಉಸಿರುಬಿಡುವುದು ಇದಕ್ಕೆ ಕಾರಣವಿರಬಹುದೆಂದು ಅವರು ಊಹಿಸಿದರು. ಅಂದಮೇಲೆ ಹಿಂದಿನವರು ಹೇಳಿದ ಕಣ್ಣೀರು ಸುಳ್ಳಲ್ಲ. ಅದಕ್ಕೆ ಅವರು ಹಚ್ಚಿದ ಅರ್ಥ ಮಾತ್ರ ತಪ್ಪು. ಮೊಸಳೆಗೆ ಬೇಟೆಯ ಬಗ್ಗೆ ಶೋಕವೂ ಇಲ್ಲ, ಶೋಕದ ಸೋಗೂ ಇಲ್ಲ. ಕಪಟವೆಂಬುದು ಮನುಷ್ಯನದು; ಅದನ್ನು ಅವನು ಮೂಕಪ್ರಾಣಿಯ ಮೇಲೆ ಹೊರಿಸಿದನು.

ಕಣ್ಣೀರಿಗೆ ತಪ್ಪು ಅರ್ಥ ಹಚ್ಚಿದರೆ ಆಗುವ ಅನರ್ಥವನ್ನು ಷೇಕ್ಸ್‌ಪಿಯರನ ‘ಒಥೆಲೊ’ ನಾಟಕವು ತೋರಿಸುತ್ತದೆ. ದುಷ್ಟನಾದ ಇಯಾಗೊವಿನ ಚಾಡಿಮಾತನ್ನು ನಂಬಿದ ಒಥೆಲೊ, ನಿರಪರಾಧಿಯಾದ ತನ್ನ ಪತ್ನಿ ಡೆಸ್ಡಿಮೋನಳನ್ನು ಎಲ್ಲರೆದುರು ಹೊಡೆಯುತ್ತಾನೆ. ಅವಳು ಅಳುತ್ತಾಳೆ. ಆ ಕಣ್ಣೀರನ್ನು ಅವನು ಮೊಸಳೆಯ ಕಣ್ಣೀರೆಂದು ಹಳಿಯುತ್ತಾನೆ. ಕೊನೆಗೆ ಅವಳನ್ನು ಕೊಲ್ಲುತ್ತಾನೆ. ಅವಳ ಅಳು ನಿಜವಾದುದೆಂದು ಅವನಿಗೆ ತಿಳಿಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಕಪಟಿಯನ್ನು ಗುರುತಿಸಲು ಈ ನುಡಿಗಟ್ಟು ನೆರವಾಗುತ್ತದೆ, ನಿಜ. ಆದರೆ ಅಳುವವರೆಲ್ಲರೂ ಕಪಟಿಗಳಲ್ಲ. ಇನ್ನೊಬ್ಬರ ಕಣ್ಣೀರಿಗೆ ಈ ಹೆಸರಿಡುವ ಮುನ್ನ ಅವರ ನೋವನ್ನು ವಿಚಾರಿಸಿ ನೋಡುವುದು ವಿವೇಕಿಗಳ ಲಕ್ಷಣ.