‘ಸೂಪರ್‌ಫುಡ್’ ಹಣ್ಣುಗಳು: ಗ್ರಾಹಕರು ತಿಳಿದಿರಬೇಕಾದ ಅಂಶಗಳು

ಗೋಜಿ, ಅಸಾಯಿ, ನೋನಿ, ಬ್ಲೂಬೆರಿ ಮೊದಲಾದ ಹಣ್ಣುಗಳನ್ನೂ ಅವುಗಳ ರಸವನ್ನೂ ‘ಸೂಪರ್‌ಫುಡ್’ ಎಂಬ ಹೆಸರಿನಲ್ಲಿ ಅಧಿಕ ಬೆಲೆಗೆ ಮಾರಾಟ ಮಾಡಲಾಗುತ್ತಿದೆ. ಇದು ವ್ಯಾಪಾರದ ಪದವೇ ಹೊರತು ವೈಜ್ಞಾನಿಕ ವರ್ಗೀಕರಣವಲ್ಲ.

ಉತ್ಕರ್ಷಣ ನಿರೋಧಕ ಶಕ್ತಿಯನ್ನು ಸೂಚಿಸುವ ‘ಓರಾಕ್’ ಅಂಕಿಗಳನ್ನು ಜಾಹೀರಾತುಗಳಲ್ಲಿ ಬಳಸಲಾಗುತ್ತಿತ್ತು. ಪ್ರಯೋಗನಳಿಕೆಯ ಈ ಅಂಕಿಗಳು ಶರೀರದ ಮೇಲಿನ ಪರಿಣಾಮವನ್ನು ತಿಳಿಸುವುದಿಲ್ಲವೆಂಬ ಕಾರಣಕ್ಕೆ ಅಮೆರಿಕದ ಕೃಷಿ ಇಲಾಖೆಯು 2012ರಲ್ಲಿ ತನ್ನ ಪಟ್ಟಿಯನ್ನು ಹಿಂತೆಗೆದುಕೊಂಡಿತು. ನೋನಿ ರಸವು ಇತರ ಹಣ್ಣಿನ ರಸಗಳಿಗಿಂತ ವಿಶೇಷ ಪ್ರಯೋಜನಕಾರಿ ಎಂಬುದಕ್ಕೆ ಆಧಾರವಿಲ್ಲವೆಂದು ಯುರೋಪಿನ ಆಹಾರ ವೈಜ್ಞಾನಿಕ ಸಮಿತಿಯು 2002ರಲ್ಲಿ ಅಭಿಪ್ರಾಯಪಟ್ಟಿತು.

ಇವು ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. ಇವೂ ಎಲ್ಲ ಹಣ್ಣುಗಳಂತೆ ಉತ್ತಮ ಆಹಾರವೇ. ಆದರೆ 100 ಗ್ರಾಂ ಬ್ಲೂಬೆರಿಯಲ್ಲಿ ಸುಮಾರು 10 ಮಿ.ಗ್ರಾಂ. ‘ಸಿ’ ಜೀವಸತ್ವವಿದ್ದರೆ, ಅಷ್ಟೇ ಸೀಬೆಹಣ್ಣಿನಲ್ಲಿ ಸುಮಾರು 200 ಮಿ.ಗ್ರಾಂ. ಇರುತ್ತದೆ. ಬೆಲೆಯು ಪೌಷ್ಟಿಕತೆಯ ಅಳತೆಗೋಲಲ್ಲ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ಮತ್ತು ತರಕಾರಿ ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಎಚ್ಚರಿಕೆ: ನೋನಿ ರಸದಲ್ಲಿ ಪೊಟ್ಯಾಸಿಯಂ ಹೆಚ್ಚಾಗಿರುವುದರಿಂದ ಮೂತ್ರಪಿಂಡದ ರೋಗಿಗಳಿಗೆ ಅಪಾಯವಾಗಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಔಷಧದ ಪರಿಣಾಮವನ್ನು ಗೋಜಿ ಹಣ್ಣು ಹೆಚ್ಚಿಸಬಹುದು. ಇಂತಹ ರಸಗಳನ್ನು ನಂಬಿ ಮಧುಮೇಹ, ರಕ್ತದೊತ್ತಡ ಇತ್ಯಾದಿಗಳ ಔಷಧವನ್ನು ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬಾರದು.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಕಲಂ 53ರನ್ವಯ ದಾರಿತಪ್ಪಿಸುವ ಜಾಹೀರಾತಿಗೆ ರೂ. 10 ಲಕ್ಷದವರೆಗೆ ದಂಡ ವಿಧಿಸಬಹುದಾಗಿದೆ. ಗ್ರಾಹಕರು ರಸೀದಿ ಹಾಗೂ ಲೇಬಲನ್ನು ಕಾಯ್ದಿರಿಸಿಕೊಂಡು, ಸ್ಥಳೀಯ ಆಹಾರ ಸುರಕ್ಷತಾಧಿಕಾರಿಗೆ ದೂರು ಸಲ್ಲಿಸಬಹುದು.